ಎಣಿಸದೆ ಬಿಟ್ಟ ನೂರು ಕಾಳು

ಮೊನ್ನೆ ಸೋಮವಾರ ಎದುರುಮನೆಯವರು ಹಗೇವಿನ ಬಾಯಿ ತೆಗೆದರು. ಶಾಲೆಗೆ ಹೊರಟಿದ್ದ ನಾನು ಹೊಸ್ತಿಲಲ್ಲೇ ನಿಂತೆ. ಆಳವಾಗಿ ತೋಡಿದ ಗುಂಡಿಗೆ ಒಳಗೆಲ್ಲ ಜೋಳದ ಒಣ ದಂಟಿನ ಕಣಿಕೆ ಹೊದಿಸಿ, ಜೋಳ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿ ತಿಂಗಳುಗಟ್ಟಲೆ ಮುಚ್ಚಿಟ್ಟ ನೆಲಗಣಜ ಅದು. ಚಪ್ಪಡಿ ಸರಿದಾಗ ಬರುವ ವಾಸನೆ ಬೇರೆಲ್ಲೂ ಸಿಗುವುದಿಲ್ಲ. ಬೆಚ್ಚಗೆ, ಸ್ವಲ್ಪ ಹುಳಿಯಾಗಿ, ಹಳೆಯ ಹುಲ್ಲು ಮತ್ತು ಬೆವರಿದ ಮಣ್ಣು ಸೇರಿದಂತೆ... ಓಣಿಯ ಹುಡುಗರು ಮೂಗು ಮುಚ್ಚಿಕೊಂಡು ನಕ್ಕರು. ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ ಎಂದು ನನಗೆ ಗೊತ್ತು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ.

ಅಂದು ಪಾಠ ಹೇಳುವಾಗ ಎರಡು ಸಲ ತಪ್ಪಿದೆ. ಸಂಜೆ ಬಂದು ಟ್ರಂಕು ತೆಗೆದೆ. ನನ್ನ ದಿನಚರಿಯ ಪುಸ್ತಕಗಳು ಈಗ ಒಂಬತ್ತಾಗಿವೆ. ಎರಡನೆಯದು ೧೯೪೮ರದು. ಅದರಲ್ಲಿ ಒಂದು ಪುಟದ ಕೊನೆಗೆ 'ನೂರಕ್ಕೆ' ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಒಂಬತ್ತು ಪುಸ್ತಕಗಳಲ್ಲಿ ನಾನು ತುಂಬದೆ ಬಿಟ್ಟ ಅಂಕಿ ಅದೊಂದೇ.

ಆ ಅಂಕಿ ನಮ್ಮ ಪಕ್ಕದ ಮನೆಯವರೊಬ್ಬರದು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ ಇತ್ತು, ಅಷ್ಟೆ. ಕರಜಗಿಯಿಂದ ಒಂದು ಹರದಾರಿ ದೂರದ ನಮ್ಮ ಊರಿಗೆ ಅವರು ಪಲ್ಟನ್ ಸಾವ್ಕಾರ್ರು. ಪ್ರಾಯದಲ್ಲಿ ಸೊಲ್ಲಾಪುರಕ್ಕೆ ಹೋಗಿ ಸೈನ್ಯ ಸೇರಿ, ಮೊದಲನೆಯ ದೊಡ್ಡ ಯುದ್ಧದಲ್ಲಿ ಬಸ್ರಾದ ಕಡೆ ನಾಲ್ಕು ವರ್ಷ ಇದ್ದು ಬಂದವರು. ಬಂದೂಕು ಹಿಡಿದದ್ದು ಕಡಿಮೆ ಎಂದು ಅವರೇ ಹೇಳುತ್ತಿದ್ದರು. ಹಿಟ್ಟು, ಬೇಳೆ, ಕುದುರೆಗಳ ಕಾಳು ತುಂಬಿದ ದಾಸ್ತಾನು ಕಾಯುವುದು ಅವರ ಕೆಲಸವಾಗಿತ್ತು. ಎಡಗಿವಿ ಕೇಳಿಸುತ್ತಿರಲಿಲ್ಲ. ಅದು ಗುಂಡಿನ ಸದ್ದಿಗೆ ಹೋಯಿತೋ ಜ್ವರಕ್ಕೆ ಹೋಯಿತೋ, ಕೇಳಿದಾಗೊಂದು ಕಾರಣ ಹೇಳುತ್ತಿದ್ದರು. ಊರಿಗೆ ಬಂದ ಮೇಲೆ ಜೋಳದ ವ್ಯಾಪಾರ ಹಿಡಿದರು. ಆಳಂದದ ಪೇಟೆಗೆ, ಅಫಜಲಪುರದ ಸಂತೆಗೆ ಅವರ ಬಂಡಿಗಳು ಹೋಗುತ್ತಿದ್ದವು. ಅವರ ಹಿತ್ತಿಲಲ್ಲಿ ಏಳು ಹಗೇವುಗಳಿದ್ದವು. ಎಂಟನೆಯದು ದನದ ಕೊಟ್ಟಿಗೆಯ ಕೆಳಗಿತ್ತು. ಅದರ ಬಾಯಿ ಎಲ್ಲಿದೆ ಎಂದು ಓಣಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ನನಗೆ ಅಕ್ಷರ ಕಲಿಸಿದವರು ಅವರು. ಊರಿನ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು, ಹೆಣ್ಣುಮಕ್ಕಳು ಆ ಕಡೆ ಹೋಗುತ್ತಲೂ ಇರಲಿಲ್ಲ. ಅಪ್ಪ ಅವ್ವ ಇಬ್ಬರೂ ಒಂದೇ ವರ್ಷ ಬೇನೆಗೆ ಹೋದ ಮೇಲೆ ನಾನು ಅಜ್ಜಿಯ ಹತ್ತಿರ ಬೆಳೆದೆ. ಕಾಕಾ ಅಂಗಡಿಯ ಕಟ್ಟೆಯ ಮೇಲೆ ಕಾಳು ಕೇರುವ ಮರದಲ್ಲಿ ಜೋಳ ಹರವಿ, ನನ್ನ ಬೆರಳು ಹಿಡಿದು ಕಾಳಿನ ಮೇಲೆ ಅಕ್ಷರ ತಿದ್ದಿಸಿದರು. ತಪ್ಪಾದರೆ ಮರ ಒಮ್ಮೆ ಅಲುಗಿಸಿದರೆ ಸಾಕಿತ್ತು, ಅಕ್ಷರ ಮಾಯ. ಹದಿನೇಳು ತುಂಬಿದಾಗ ರಟ್ಟಿನ ಒಂದು ಪುಸ್ತಕ ಕೊಟ್ಟು, ಪಲ್ಟನ್ನಿನಲ್ಲಿ ತಾವು ಬರೆದಂತೆ ಬರೆಯಲು ಹೇಳಿದರು.

"ದಿನಕ್ಕ ಮೂರ ಸಾಲು, ತಂಗಿ. ಹವಾ ಹ್ಯಾಂಗಿತ್ತು, ಯಾರು ಬಂದ್ರು, ಯಾರು ಹೋದ್ರು. ಕಂಡದ್ದು ಬರಿ. ಕೇಳಿದ್ದು ಬರೀಬ್ಯಾಡ. ಕೇಳಿದ್ದು ಬರಕೋತ ಕುಂತ್ರ ಪುಸ್ತಕ ಸಾಲೂದಿಲ್ಲ."

ನಾನು ಹಾಗೇ ಬರೆದೆ. ನನ್ನ ಮೊದಲ ಪುಸ್ತಕದಲ್ಲಿ ಮಳೆ ಬಂದ ದಿನಗಳ ಲೆಕ್ಕ ಇದೆ, ಹಗೇವು ತೆಗೆದ ದಿನ, ಮುಚ್ಚಿದ ದಿನ ಇವೆ. ಅವರ ಮೊಮ್ಮಗಳ ತೂಕವೂ ಇದೆ. ಅಮಾವಾಸ್ಯೆಗೊಮ್ಮೆ ಜೋಳ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಮೆತ್ತನೆಯ ಕೌದಿ ಹಾಸಿ ಆ ಕೂಸನ್ನು ಕೂರಿಸುತ್ತಿದ್ದರು. ಕಾಕಿ ಒಳಗಿನಿಂದ ಓಡಿ ಬಂದು, "ಕೂಸಿನ್ನ ಜ್ವಾಳ ಮಾಡಿಟ್ಟೀರಲ್ರಿ, ದೃಷ್ಟಿ ಆಗ್ತದ" ಎಂದು ಬೈಯುತ್ತಿದ್ದರು. ಕಾಕಾ ಕಿವುಡಾದ ಕಿವಿಯನ್ನು ಅವರತ್ತ ತಿರುಗಿಸಿ, ನನಗೆ, "ಒಂದ ಪಾವು ಏರ್ಯಾಳ, ಬರಕೋ" ಎನ್ನುತ್ತಿದ್ದರು. ಮಕ್ಕಳಿಬ್ಬರು, ಸೊಸೆ, ಈ ಕೂಸು, ಕಾಕಿ... ಊಟದ ಹೊತ್ತಿಗೆ ಎಲ್ಲರೂ ಬಂದು ಕೂರದೆ ಅವರು ತುತ್ತು ಎತ್ತಿದ್ದನ್ನು ನಾನು ಕಂಡಿಲ್ಲ.

೧೯೪೭ರಲ್ಲಿ ಹೊಳೆಯಾಚೆ ಸ್ವಾತಂತ್ರ್ಯ ಬಂತು. ಭೀಮೆಯ ಆ ದಡ ಮುಂಬೈ ಪ್ರಾಂತ, ಈ ದಡ ನಿಜಾಮರ ಸೀಮೆ. ಆಚೆಯವರು ಬಾವುಟ ಏರಿಸಿ ಸಕ್ಕರೆ ಹಂಚಿದ ಸುದ್ದಿ ಬಂತು. ಈಚೆ ನಮಗೆ ಬಂದದ್ದು ಗದ್ದಲ. ಆಯುಧ ಹಿಡಿದು ತಿರುಗುವ ಗುಂಪುಗಳು, ಸುಟ್ಟ ಬಣವೆಗಳು, ಇಂದು ಈ ಊರು ನಾಳೆ ಆ ಊರು ಎಂಬ ಮಾತುಗಳು. ಚಳಿಗಾಲ ಹೇಗೋ ಕಳೆಯಿತು. ಯುಗಾದಿ ಮುಗಿದು ಹೊಳೆ ಬತ್ತಿದ ಮೇಲೆ ಓಣಿಯವರೆಲ್ಲ ಆಚೆ ದಾಟುವುದೆಂದು ನಿಶ್ಚಯವಾಯಿತು. ಕಾಕಾರದೂ ನಮ್ಮದೂ ಬಿಟ್ಟು ಇಪ್ಪತ್ತೆರಡು ಮನೆಗಳು. ಎಂದು ಹಿಂದಿರುಗುತ್ತೇವೆ ಎಂದು ಯಾರಿಗೂ ತಿಳಿಯದು. ಆದರೆ ಎಂದಾದರೂ ಬಂದರೆ ಹಿಂಗಾರಿಗೆ ಬಿತ್ತಲು ಬೀಜ ಇರಬೇಕಲ್ಲ?

ಬೀಜದ ಜೋಳವನ್ನು ನಮ್ಮ ಕಡೆ ಬೂದಿ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಾರೆ. ಬೀಗ ಮುರಿದು ನುಗ್ಗಿದವರು ಮೊದಲು ಕೈಹಾಕುವುದೇ ಅಟ್ಟಕ್ಕೆ. ಚೀಲ ಕಟ್ಟಿ ಒಯ್ಯೋಣವೆಂದರೆ ಬಂಡಿಯಲ್ಲಿ ಮಕ್ಕಳು ಮುದುಕರಿಗೇ ಜಾಗವಿರಲಿಲ್ಲ. ಆಗ ಕಾಕಾ ತಮ್ಮ ಕೊಟ್ಟಿಗೆಯ ಕೆಳಗಿನ ಎಂಟನೆಯ ಹಗೇವಿನ ಮಾತು ಎತ್ತಿದರು. ಹೊಲವಿದ್ದ ಹತ್ತೊಂಬತ್ತು ಮನೆಗಳ ಬೀಜವನ್ನು ಮನೆಗೊಂದರಂತೆ ಗುರುತು ಹಾಕಿದ ಚೀಲಗಳಲ್ಲಿ ಅಲ್ಲಿ ಇಳಿಸೋಣ, ತಾನು ಊರಲ್ಲೇ ಉಳಿದು ಕಾಯುತ್ತೇನೆ ಎಂದರು.

ಎದುರುಮನೆಯ ಮಾಮಾ ತಲೆ ಕೆರೆದುಕೊಂಡರು. "ಸಾವ್ಕಾರ್ರ, ಬೀಜ ಹಗೇವಿನ್ಯಾಗ ನಾವು ಎಂದೂ ಇಟ್ಟಿಲ್ರಿ."

"ಎಂದೂ ಊರು ಬಿಟ್ಟಿಲ್ಲಲ್ಲೋ. ಎರಡ ಸಾವಿರ ಮಂದಿ ಕೂಳು ಕಾದೇನಿ ನಾನು. ನಿಮ್ಮ ಹತ್ತೊಂಬತ್ತ ಚೀಲ ಕಾಯಾಕ ಆಗೂದಿಲ್ಲೇನು?"

ಎಲ್ಲರೂ ನಕ್ಕರು. ಅಷ್ಟು ದಿನಗಳಲ್ಲಿ ಓಣಿ ನಕ್ಕದ್ದು ಅದೊಂದು ಸಲ. ಚೀಲಗಳು ಇಳಿದವು. ನಾನು ಒಂದೊಂದರ ಗುರುತನ್ನೂ ಬರೆದುಕೊಂಡೆ.

ಅಂದು ಮನೆಗೆ ಬಂದು ಹೇಳಿದಾಗ ಅಜ್ಜಿ ಮಂಚದ ಮೇಲೆ ಮಲಗಿದ್ದಳು. ಆ ಮಾಘದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಹೊಲದಲ್ಲೇ ಆಯುಷ್ಯ ಕಳೆದವಳು. "ದೀಪ ಆರೋ ಜಾಗದಾಗ ಬೀಜ ಇಡಾಕತ್ತಾರಲ್ಲಬೇ," ಎಂದಳು. "ಬೀಜಕ್ಕ ಉಸುರು ಬ್ಯಾಡೇನು?"

ಅದು ನಾನು ಕಂಡದ್ದಲ್ಲ, ಕೇಳಿದ್ದು. ಹಾಗಾಗಿ ಮೂರು ಸಾಲಿನೊಳಗೆ ಬರೆಯಲಿಲ್ಲ. ಆದರೂ ಬಿಡಲು ಮನಸ್ಸಾಗದೆ ಪುಟದ ಅಂಚಿನಲ್ಲಿ ಸಣ್ಣಗೆ ಬರೆದಿಟ್ಟೆ. ಕಾಕಾಗೆ ಹೇಳಲಿಲ್ಲ. ಹಾಸಿಗೆ ಹಿಡಿದ ಮುದುಕಿಯ ಮಾತೆಂದುಕೊಂಡೆನೋ, ಅಷ್ಟು ಜನರೆದುರು ನಕ್ಕು ಮುಗಿಸಿದ ಮಾತನ್ನು ಮತ್ತೆ ಎತ್ತುವ ಧೈರ್ಯ ಬರಲಿಲ್ಲವೋ... ಈಗ ಎಷ್ಟು ಯೋಚಿಸಿದರೂ ಸರಿಯಾಗಿ ನೆನಪಾಗುವುದಿಲ್ಲ.

ಅಜ್ಜಿಯನ್ನು ಬಂಡಿಯಲ್ಲಿ ಸಾಗಿಸುವಂತಿರಲಿಲ್ಲ. ಅವಳನ್ನು ಬಿಟ್ಟು ನಾನು ಹೋಗಲಾರೆ. ಕಾಕಿ ನನ್ನನ್ನು ಎರಡು ಸಲ ತಮ್ಮ ಬಂಡಿಗೆ ಹತ್ತಿಸಿದರು, ಎರಡು ಸಲವೂ ನಾನು ಇಳಿದೆ. ಕೊನೆಗೆ ಕಾಕಾ, "ಇರಲಿ ಬಿಡ್ರಿ. ಇಕಿನೂ ನನ್ನ ಮಗಳ. ನಾ ಇರೂತನಕ ಇಕಿಗೇನೂ ಆಗೂದಿಲ್ಲ," ಎಂದರು. ಕಾಕಿ ಸೆರಗು ಬಾಯಿಗೆ ಇಟ್ಟುಕೊಂಡು ಬಂಡಿಯಲ್ಲಿ ಹಿಮ್ಮುಖವಾಗಿ ಕೂತರು. ಬಂಡಿ ಹೊಳೆಯ ದಾರಿ ಹಿಡಿದು ಮರೆಯಾಗುವವರೆಗೂ ಕಾಕಾ ಕೈ ಎತ್ತಲಿಲ್ಲ. ಮರೆಯಾದ ಮೇಲೆ ಎತ್ತಿದರು.

ಅಲ್ಲಿಂದ ಓಣಿಯಲ್ಲಿ ನಾವು ಮೂವರು.

ಖಾಲಿ ಓಣಿಯ ಸದ್ದು ಹೇಗಿರುತ್ತದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಗಾಳಿ ಬಂದರೆ ಇಪ್ಪತ್ತೆರಡು ಬೀಗಗಳು ಸಣ್ಣಗೆ ಅಲುಗುತ್ತಿದ್ದವು. ಒಲೆಯ ಹೊಗೆ ಎರಡೇ ಕಡೆ ಏಳುತ್ತಿತ್ತು. ಕೆಲವು ದಿನ ಬೆಕ್ಕುಗಳು ಮನೆಮನೆಯ ಮುಂದೆ ಕೂಗಿ, ಆಮೇಲೆ ಅವೂ ಎಲ್ಲೋ ಹೋದವು. ಕಾಕಾ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ರೊಟ್ಟಿ ಮಾತ್ರ ನಾನು ಬಡಿದು ಕೊಡುತ್ತಿದ್ದೆ. ಊಟಕ್ಕೆ ಕೂತು ಅವರು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುವರು, ಇನ್ನೂ ಯಾರೋ ಬರಬೇಕಾಗಿದೆ ಎಂಬಂತೆ. ಆಮೇಲೆ ತುತ್ತು ಎತ್ತುವರು.

ಹೊತ್ತು ಮುಳುಗುವ ಮುಂಚೆ ದಿನವೂ ಹಾಜರಿ ತೆಗೆದುಕೊಳ್ಳುತ್ತಿದ್ದರು. ಅದೂ ಪಲ್ಟನ್ನಿನ ಅಭ್ಯಾಸ. ಕಟ್ಟೆಯ ಮೇಲೆ ನೆಟ್ಟಗೆ ನಿಂತು ಮೇಲಿನ ಮನೆಯಿಂದ ಶುರುಮಾಡಿ ಒಂದೊಂದೇ ಮನೆಯನ್ನು ಕೂಗುವರು. ನಾನು ಹೋಗಿ ಬೀಗ ಜಗ್ಗಿ ನೋಡಿ, "ಭದ್ರ ಅದರಿ" ಎನ್ನಬೇಕು. ಇಪ್ಪತ್ತೆರಡೂ ಮುಗಿದ ಮೇಲೆ ನಮ್ಮ ಬಾಗಿಲಿಗೆ ಬಂದು, "ಆಯಿ, ನೀವು?" ಎನ್ನುವರು.

"ಹಾಜರ್ ಅದೀನಪ್ಪಾ. ಎಲ್ಲಿಗಿ ಓಡಲಿ, ಸ್ವಂಟ ನಿನ್ನ ಸರಕಾರದಾಂಗ ಮುರದ ಕುಂತದ," ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ಅವರು ನಗುವರು. ನಗು ಮುಗಿದೊಡನೆ ಓಣಿ ಮತ್ತೆ ಹಾಗೇ.

ಅಮಾವಾಸ್ಯೆ ಬಂದಾಗ ತಕ್ಕಡಿ ಕೆಳಗಿಳಿಸಿದರು. ತಟ್ಟೆಗಳನ್ನು ಒರೆಸಿ, ಸುಮ್ಮನೆ ಒಮ್ಮೆ ಎತ್ತಿ ಹಿಡಿದು, ಮತ್ತೆ ತೂಗುಹಾಕಿದರು. ಆ ದಿನ ನಾನು ಹವೆ ಮಾತ್ರ ಬರೆದಿದ್ದೇನೆ: ಮೋಡ, ಮಳೆ ಇಲ್ಲ.

ಮಳೆಗಾಲದ ನಡುವೆ ಒಂದು ಮಧ್ಯಾಹ್ನ ಆಯುಧ ಹಿಡಿದ ಹನ್ನೊಂದು ಮಂದಿ ಬಂದರು. ಕಾಕಾ ನನ್ನನ್ನು ಅಜ್ಜಿಯ ಮಂಚದ ಹಿಂದೆ ಕೂರಿಸಿ, ಹಳೆಯ ಖಾಕಿ ಕೋಟು ತೊಟ್ಟು, ಪಲ್ಟನ್ನಿನ ಪದಕ ಸಿಕ್ಕಿಸಿಕೊಂಡು ಹೊರಗೆ ನಿಂತರು. ಉರ್ದುವಿನಲ್ಲಿ ಏನೇನೋ ಮಾತಾಡಿದರು. ಹಿತ್ತಿಲ ಎರಡು ಹಗೇವುಗಳನ್ನು ತಾವೇ ತೆಗೆದು, ಇಳಿಯದೆ ಮೇಲಿನಿಂದಲೇ ಮೊಗೆದು ತಮ್ಮ ಜೋಳ ಕೊಟ್ಟು ಕಳಿಸಿದರು. ಕೊಟ್ಟಿಗೆಯ ಕಡೆ ಯಾರೂ ನೋಡಲಿಲ್ಲ. ಅವರು ಹೋದ ಮೇಲೆ ಕಾಕಾ ಕೋಟು ಬಿಚ್ಚಿದಾಗ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. "ಬೀಜ ಉಳೀತು, ತಂಗಿ," ಎಂದು ಅಲ್ಲೇ ನೆಲದ ಮೇಲೆ ಕೂತರು.

ಮಘೆ ಮಳೆ ಜೋರಾಗಿ ಹೊಡೆದಾಗ ಒಳಗೆ ನೀರು ಜಿನುಗಿತೇನೋ ಎಂದು ಎಂಟನೆಯ ಹಗೇವು ತೆಗೆದು ನೋಡಿದೆವು. ಅರ್ಧ ದಿನ ತೆರೆದಿಟ್ಟು ಕಂದೀಲು ಇಳಿಸಿದರೆ ದೀಪ ಆರಿತು. ಇನ್ನೊಂದು ದಿನ ಕಾದೆವು. ನಾನು ಐನೂರರವರೆಗೆ ಎಣಿಸಿದೆ, ದೀಪ ಉರಿಯುತ್ತಲೇ ಇತ್ತು. ಕಾಕಾ ಇಳಿದರು. ಚೀಲಗಳು ಒಣಗಿದ್ದವು, ಒಂದು ಹುಳವಿಲ್ಲ, ಒಂದು ಇಲಿಯ ಹಲ್ಲಿನ ಗುರುತಿಲ್ಲ. ಮೇಲೆ ಬಂದ ಅವರ ಮುಖದಲ್ಲಿದ್ದಷ್ಟು ಸಂತೋಷವನ್ನು ಆ ವರ್ಷ ನಾನು ಮತ್ತೆ ಕಾಣಲಿಲ್ಲ. ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ 'ದೀಪ ಆರಿತು' ಎಂದಿದೆ. ನಾವಿಬ್ಬರೂ ಅದನ್ನು ಕಣ್ಣಾರೆ ಕಂಡಿದ್ದೆವು. ಮನುಷ್ಯ ಇಳಿಯಬಹುದೋ ಇಲ್ಲವೋ ಎಂಬುದೊಂದೇ ಇಬ್ಬರಿಗೂ ಹೊಳೆದದ್ದು.

ಮಘೆ ಮುಗಿದು ಹುಬ್ಬಿ ಮಳೆ ಹಿಡಿಯುವ ಹೊತ್ತಿಗೆ ದಿಲ್ಲಿಯ ಸೈನ್ಯ ಬರುತ್ತದಂತೆ ಎಂಬ ಸುದ್ದಿ ಬಲವಾಯಿತು. ಓಣಿಯವರು ಬಂದರೆ ಬಂದ ದಿನವೇ ಕೂರಿಗೆ ಹೂಡುತ್ತಾರೆ ಎಂದು ಕಾಕಾ ಹುರುಪಿನಲ್ಲಿದ್ದರು. ಅಜ್ಜಿ ಅವರನ್ನು ಕರೆಸಿ, "ಮೊಳಕಿ ಕಟ್ಟಿ ನೋಡಪ್ಪಾ ಮದಲ," ಎಂದಳು. ಅದು ರೈತರ ಮನೆಯ ರೂಢಿ. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಚ್ಚಗಿನ ಜಾಗದಲ್ಲಿಟ್ಟು, ಮೂರನೆಯ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡುವುದು. ನಾವು ಹತ್ತೊಂಬತ್ತು ಚೀಲಗಳಿಗೆ ಹತ್ತೊಂಬತ್ತು ಗಂಟು ಕಟ್ಟಿದೆವು.

ಮೂರನೆಯ ದಿನ ಬೆಳಗ್ಗೆ ಅಂಗಡಿಯ ಕಟ್ಟೆಯ ಮೇಲೆ ಬಿಚ್ಚಿದೆ. ಮೊದಲ ಗಂಟಿನಲ್ಲಿ ನಾಲ್ಕು. ಎರಡನೆಯದರಲ್ಲಿ ಒಂದೂ ಇಲ್ಲ. ಮೂರನೆಯದರಲ್ಲಿ ಏಳು. ಕಾಳುಗಳು ಊದಿ ಮೆತ್ತಗಾಗಿ, ಮುಟ್ಟಿದರೆ ಹಾಲು ಬಿಡುತ್ತಿದ್ದವು. ಹತ್ತೊಂಬತ್ತರಲ್ಲಿ ಹತ್ತು ಗಂಟುಗಳು ಪೂರ್ತಿ ಸತ್ತಿದ್ದವು. ಎಲ್ಲಕ್ಕಿಂತ ಚೆನ್ನಾಗಿದ್ದ ಚೀಲದ ಲೆಕ್ಕ ನೂರಕ್ಕೆ ಹನ್ನೊಂದು.

ಕಾಕಾ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಮತ್ತೆ ಎಣಿಸಿದರು. ಹತ್ತೊಂಬತ್ತನ್ನೂ ಎಣಿಸಿದರು. ಮಧ್ಯಾಹ್ನವಾಯಿತು. ಕೊನೆಗೆ, "ನಿಮ್ಮ ಆಯೀಗಿ ಗೊತ್ತಿತ್ತೇನು ತಂಗಿ, ಹಿಂಗ ಆಗ್ತದಂತ?" ಎಂದು ಕೇಳಿದರು.

ನಾನು ಒಳಗೆ ಹೋಗಿ ಪುಸ್ತಕ ತಂದು ಆ ಪುಟ ತೆಗೆದು ಮುಂದೆ ಹಿಡಿದೆ. ಅವರು ಅಂಚಿನ ಸಾಲನ್ನು ಓದಿದರು. ಬೆರಳಿಟ್ಟು ಮತ್ತೊಮ್ಮೆ ಓದಿದರು.

"ಬರದಿಟ್ಟೀದಿ," ಎಂದರು. "ಹೇಳಬೇಕಿತ್ತಲ್ಲವ್ವಾ."

ಬೈಯಲಿಲ್ಲ. ದನಿ ಏರಿಸಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, "ಬರೀಬ್ಯಾಡ ಅಂದಾಂವನೂ ನಾನ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನಮ್ಮ ಮನೆಗೆ ಬಂದು ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತರು.

"ಆಯಿ, ಚಲೋ ಬೀಜ ಹ್ಯಾಂಗ ಗುರ್ತು ಹಿಡೀಬೇಕು? ಹೇಳಿಕೊಡ್ರಿ."

"ಇದನ್ನ ನಿನ್ನ ಪಲ್ಟನ್ನಿನ್ಯಾಗ ಕಲಸಲಿಲ್ಲೇನು?"

"ಕೂಳು ಕಾಯೂದು ಕಲಿಸಿದ್ರು. ಜೀವ ಕಾಯೂದು ಕಲಿಸ್ಲಿಲ್ಲ."

ಅಜ್ಜಿ ಮುಂದೆ ಕೆಣಕಲಿಲ್ಲ. ಹಲ್ಲಲ್ಲಿ ಕಡಿದರೆ ಟಕ್ಕನೆ ಒಡೆಯಬೇಕು, ಮೂತಿಯ ಕಡೆ ಕಪ್ಪಾಗಿರಬಾರದು, ಮುಷ್ಟಿಯಲ್ಲಿ ಹಿಡಿದು ಮೂಸಿದರೆ ಬಿಸಿಲಿನ ವಾಸನೆ ಬರಬೇಕು ಎಂದು ಒಂದೊಂದಾಗಿ ಹೇಳಿದಳು. "ಏನರೆ ಇರ್ಲಿ, ಮೊಳಕಿ ಕಣ್ಣಿಲೆ ಕಾಣದ ತರಬ್ಯಾಡ," ಎಂದಳು. ಐವತ್ತು ದಾಟಿದ ಆ ಮನುಷ್ಯ ತಮ್ಮ ಚಿಕ್ಕ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡರು. ಕೇಳಿದ್ದನ್ನು.

ಮರುದಿನ ತಮ್ಮ ಹಗೇವುಗಳಲ್ಲಿ ಉಳಿದಿದ್ದ ಜೋಳದಲ್ಲಿ ಬಂಡಿ ಹಿಡಿಯುವಷ್ಟನ್ನು ಹೇರಿದರು. ಎರಡು ಚೀಲ ಕಾಳಿಗೆ ಒಂದು ಚೀಲ ಬೀಜದ ಬದಲಿ ಕೇಳುವುದು ಅವರ ಯೋಚನೆ. ಮೊದಲು ಆಳಂದ, ಅಲ್ಲಿ ಸಿಗದಿದ್ದರೆ ಜೇವರ್ಗಿಯ ಕಡೆ. ದಾರಿ ನೆಟ್ಟಗಿರಲಿಲ್ಲ. ಬೇಡವೆಂದು ಅಜ್ಜಿ ಹೇಳಿದಳು, ನಾನು ಅತ್ತೆ. ಅವರು ನೊಗಕ್ಕೆ ಎತ್ತು ಕಟ್ಟುತ್ತ, "ಓಣಿಯವರು ಬಂದ್ರ ಖರೇ ಖರೇ ಹೇಳು, ತಂಗಿ. ಬೀಜ ಸತ್ತದ, ಸಾವ್ಕಾರಂದ ತಪ್ಪು ಅಂತ ಹೇಳು. ನಾ ಬರೂತನಕ ಆ ಚೀಲ ಯಾರೂ ಬಿತ್ತಬಾರದು," ಎಂದರು. ಕೋಟು ತೊಡಲಿಲ್ಲ. ಪದಕ ಗೂಟಕ್ಕೆ ತೂಗುತ್ತಿತ್ತು.

ಆ ಸಂಜೆ ಹಾಜರಿ ಕೂಗುವವರು ಇರಲಿಲ್ಲ. ನಾನೇ ಕಟ್ಟೆಯ ಮೇಲೆ ನಿಂತು ಕೂಗಲು ನೋಡಿದೆ. ಕೊನೆಗೆ ಕೂಗದೆಯೇ ಹೋಗಿ ಇಪ್ಪತ್ತೆರಡು ಬೀಗಗಳನ್ನು ಜಗ್ಗಿ ನೋಡಿ ಬಂದೆ. ಆಮೇಲೆ ಅವರದನ್ನೂ.

ಉತ್ತರಿ ಮಳೆಯಲ್ಲಿ ಸೈನ್ಯ ಬಂತು, ಗದ್ದಲ ಅಡಗಿತು. ಹಸ್ತ ಮಳೆ ಹುಟ್ಟುವ ಹೊತ್ತಿಗೆ ಬಂಡಿಗಳು ಹೊಳೆ ದಾಟಿ ಒಂದೊಂದಾಗಿ ಬರತೊಡಗಿದವು. ಹೊಲಗಳು ಹದವಾಗಿ ಕಾದಿದ್ದವು. ಮೂರನೆಯ ದಿನ ಕಾಕಿ, ಮಕ್ಕಳು, ಸೊಸೆ ಬಂದರು. ಕೂಸು ಈಗ ನಡೆಯುತ್ತಿತ್ತು. ಓಣಿಯವರು ಮೊದಲು ಕೇಳಿದ್ದು ಬೀಜವನ್ನು. ನಾನು ಕಾಕಾರ ಕಟ್ಟೆಯ ಮೇಲೆ ನಿಂತು ಹೇಳಿದಂತೆಯೇ ಹೇಳಿದೆ, ಒಂದು ಮಾತು ಬಿಟ್ಟು. ತಪ್ಪು ಸಾವ್ಕಾರರದು ಎನ್ನಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ ಎಂದೆ.

ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಎರಡ ಸಾವಿರ ಮಂದಿ ಕೂಳು ಕಾದಾಂವ! ಹತ್ತೊಂಬತ್ತ ಚೀಲ ಕೊಂದ ನೋಡ್ರಿ," ಎಂದು ಎದುರುಮನೆಯ ಮಾಮಾ ಕೈ ಬಡಿದರು. ಇನ್ನೊಬ್ಬರು, "ಮಾರಿಕೊಂಡು ಹೋಗ್ಯಾನ ಬಿಡ್ರಿ, ಅಂವ ಎಲ್ಲಿ ಬರ್ತಾನ," ಎಂದರು. ಕಾಕಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಒಳಗೆ ಕರೆದು ನನ್ನನ್ನು ಕೂರಿಸಿ, "ಊಟ ಬರೋಬರಿ ಮಾಡ್ತಿದ್ರೇನ?" ಎಂದಷ್ಟೇ ಕೇಳಿದರು. ನಾನು ಪುಸ್ತಕ ತಂದು ಆ ಐದು ತಿಂಗಳನ್ನು ಅವರಿಗೆ ಓದಿ ಹೇಳಿದೆ. ಮೋಡ, ಮಳೆ, ಬಿಸಿಲು. ಕಾಕಾ ಎರಡು ರೊಟ್ಟಿ ಉಂಡರು. ಕಾಕಾ ಒಂದೇ ರೊಟ್ಟಿ ಉಂಡರು...

ಹನ್ನೊಂದು ದಿನ ಕಾದೆವು. ಹಸ್ತ ಮುಗಿಯುತ್ತ ಬಂತು. ಅವರು ಹೊರಟು ಮೂವತ್ತೊಂದನೆಯ ದಿನ ಮಧ್ಯಾಹ್ನ ಅವರ ಬಂಡಿ ಓಣಿಗೆ ತಿರುಗಿತು. ಎತ್ತುಗಳು ಅವರವೇ. ಮೂಕಿಯ ಮೇಲೆ ಕೂತು ಹೊಡೆಯುತ್ತಿದ್ದವನು ಮಾತ್ರ ಬೇರೆ ಮನುಷ್ಯ. ಜೇವರ್ಗಿಯ ಆಚೆಯ ಒಂದು ಊರಿನ ರೈತ. ಘತ್ತರಗಿಯ ಹತ್ತಿರ ದೋಣಿಯಲ್ಲಿ ಚೀಲಗಳನ್ನು ದಾಟಿಸಿಕೊಂಡು ಬಂದಿದ್ದ. ಬಂಡಿಯ ತುಂಬ ಬೀಜವಿತ್ತು.

"ಸಾವ್ಕಾರ್ರ ಮನಿ ಇದರೀ?" ಎಂದು ಕೇಳಿದ. ಕಾಕಿ ಹೊರಗೆ ಬಂದದ್ದನ್ನು ಕಂಡು ತಲೆಯ ರುಮಾಲು ತೆಗೆದ. ಅಷ್ಟರಲ್ಲೇ ಎಲ್ಲರಿಗೂ ತಿಳಿಯಿತು.

ಆಳಂದದ ಸುತ್ತಿನ ಊರುಗಳೂ ನಮ್ಮ ಓಣಿಯಂತೆ ಬೀಗ ಹಾಕಿದ್ದವಂತೆ, ಅಲ್ಲಿ ಬೀಜ ಸಿಗಲಿಲ್ಲ. ಜೇವರ್ಗಿಯ ಕಡೆ ಊರೂರು ತಿರುಗಿದರು. ಒಂದೊಂದು ಸುತ್ತಿನಲ್ಲಿ ಸಿಕ್ಕ ನಾಲ್ಕೈದು ಚೀಲಗಳಿಂದ ನೂರು ನೂರು ಕಾಳು ಕಟ್ಟಿ, ಮೂರು ದಿನ ಆ ಸುತ್ತಿನಲ್ಲೇ ಉಳಿದು, ಮೊಳಕೆ ನೋಡಿಯೇ ಚೀಲ ಹೇರುತ್ತಿದ್ದರು. ಗಂಟುಗಳು ಬೆಚ್ಚಗಿರಲೆಂದು ಅಂಗಿಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡೇ ತಿರುಗುತ್ತಿದ್ದರು. "ಒದ್ದಿ ಅರಿವಿ ಮೈಗಿ ಕಟಗೊಂಡು ಮಳ್ಯಾಗ ಅಡ್ಡಾಡಬ್ಯಾಡ್ರಿ ಅಂದ್ನರಿ ನಾನು," ಎಂದ ರೈತ. "ಕೇಳಲಿಲ್ಲ. ಜ್ವರ ಬಂತು. ನಮ್ಮ ಪಡಸಾಲ್ಯಾಗ ನಾಕ ದಿನ ಇದ್ರು. ಬಂಡಿ ಮುಟ್ಟಸ್ತೇನಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡ್ರು. ಐದನೇ ದಿನ..."

ಅವನು ಒಂದು ಚಿಕ್ಕ ಪುಸ್ತಕ ಕೊಟ್ಟ. ಊರು, ಚೀಲ, ನೂರಕ್ಕೆ ಎಷ್ಟು. ತೊಂಬತ್ತೊಂದು. ತೊಂಬತ್ನಾಲ್ಕು. ಎಂಬತ್ತೆಂಟು, ಬೇಡ ಎಂದು ಬಿಟ್ಟೆ. ತೊಂಬತ್ತಾರು. ಬಿಟ್ಟದ್ದನ್ನು ಕಳೆದು, ಹೇರಿದ ಚೀಲಗಳವು ಹದಿನೆಂಟು ಸಾಲುಗಳಿದ್ದವು. ಹತ್ತೊಂಬತ್ತನೆಯ ಸಾಲಿನಲ್ಲಿ ಊರಿನ ಹೆಸರು ಬರೆದು ನಿಲ್ಲಿಸಿದ್ದರು. ರೈತ ಮಡಿಲಿನಿಂದ ಒಂದು ಒದ್ದೆ ಗಂಟು ತೆಗೆದ. "ಇದು ಕಡೀ ಚೀಲದ್ದರಿ. ದಿನಾ ನೀರು ಹನಿಸು, ಪಕ್ಕದ ಮನೀ ಹುಡಿಗಿಗಿ ಕೊಡು, ಅಕಿ ಎಣಿಸ್ತಾಳ ಅಂದಿದ್ರು."

ಎದುರುಮನೆಯ ಮಾಮಾ ಯಾರಿಗೂ ಹೇಳದೆ ಹೋಗಿ ಎತ್ತುಗಳ ಕೊರಳು ಬಿಚ್ಚಿ ನೀರು ಕುಡಿಸಿದರು.

ನಾನು ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಲು ಹೋದೆ. ಬಿಚ್ಚಲಿಲ್ಲ. ಮೂರು ದಿನಕ್ಕೆ ತೆಗೆಯಬೇಕಾದ ಗಂಟು ಅದು, ಎಂಟು ದಿನ ನೀರು ಕುಡಿದಿತ್ತು. ಬಿಳಿಯ ಬೇರುಗಳು ಬಟ್ಟೆಯ ಎಳೆಎಳೆಯನ್ನೂ ತೂರಿ ಹೊರಬಂದಿದ್ದವು. ಮೇಲ್ಗಡೆಯಿಂದ ಹಳದಿ ಹಸಿರಿನ ಸುಳಿಗಳು ಇಣುಕಿದ್ದವು. ಕಾಳಿಗೆ ಕಾಳು, ಬಟ್ಟೆಗೆ ಬೇರು ಹೆಣೆದು ಒಂದೇ ಮುದ್ದೆಯಾಗಿತ್ತು. ಎಣಿಸಬೇಕಾದರೆ ಹರಿಯಬೇಕಿತ್ತು. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ತುಂಬ ಹೊತ್ತು ಕೂತೆ. ಬಟ್ಟೆ ಅವರ ಧೋತರದ ಅಂಚು.

ಮರುದಿನ ಓಣಿ ಬಿತ್ತಿತು. ಐದನೆಯ ದಿನ ಸಾಲು ಸಾಲಾಗಿ ಮೊಳೆಯಿತು. ಕಾಕಿಯೂ ನಾನೂ ಆ ಗಂಟನ್ನು ಬಿಚ್ಚದೆ ಅವರ ಹಿತ್ತಿಲಲ್ಲಿ ಮಣ್ಣು ಮಾಡಿದೆವು. ಅವರ ಮೈಯನ್ನು ಜೇವರ್ಗಿಯ ಆಚೆ ಯಾರದೋ ಹೊಲದ ಬದುವಿನಲ್ಲಿ ಇಟ್ಟಿದ್ದರು. ನಾವು ಇಲ್ಲಿ ಮಣ್ಣು ಹಾಕಲು ಸಿಕ್ಕಿದ್ದು ಅದೊಂದೇ.

ಅಜ್ಜಿ ಮುಂದಿನ ವರ್ಷ ಹೋದಳು. ಕಾಕಿ ಈಗ ಕಿರಿಯ ಮಗನೊಡನೆ ಅಫಜಲಪುರದಲ್ಲಿದ್ದಾರೆ. ಮೊಮ್ಮಗಳು ನನ್ನ ಶಾಲೆಗೇ ಬರುತ್ತಿದ್ದಳು, ಈಗ ಅವಳೂ ಅಲ್ಲೇ. ಓಣಿಯ ಇಪ್ಪತ್ತೆರಡು ಮನೆಗಳಲ್ಲೂ ಈಗ ಹೊಗೆ ಏಳುತ್ತದೆ. ಬೀಗ ಇರುವುದು ಒಂದೇ ಬಾಗಿಲಿಗೆ, ನಮ್ಮ ಗೋಡೆಯ ಆಚೆಯದು. ಮಕ್ಕಳಿಗೆ ನಾನು ಈಗಲೂ ಕಾಳಿನ ಮೇಲೆಯೇ ಅಕ್ಷರ ತಿದ್ದಿಸುತ್ತೇನೆ. ದಿನಚರಿ ಬರೆಯಲು ಹೇಳುವಾಗ, ಕಂಡದ್ದನ್ನು ಬರೆಯಿರಿ, ಕೇಳಿದ್ದನ್ನೂ ಬರೆಯಿರಿ, ಬರೆದ ಮೇಲೆ ಎದ್ದು ಹೋಗಿ ಹೇಳಿ ಎನ್ನುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ, ಅವರಿಗೆ ಅದು ಇನ್ನೊಂದು ಪಾಠ.

ಮೊನ್ನೆ ಸಂಜೆ ಆ ಪುಟ ತೆಗೆದು ಪೆನ್ಸಿಲು ಹಿಡಿದು ಕೂತಿದ್ದೆ. ಎದುರುಮನೆಯಲ್ಲಿ ಜೋಳ ತೆಗೆದು ಮುಗಿದಿತ್ತು, ಹಗೇವಿನ ವಾಸನೆ ಇನ್ನೂ ಓಣಿಯಲ್ಲಿ ನಿಂತಿತ್ತು. ಹೊತ್ತು ಮುಳುಗುವ ಸಮಯ. ಯಾರಾದರೂ ಕೂಗಬಹುದೇನೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟೆ... ಆಮೇಲೆ 'ನೂರಕ್ಕೆ' ಎಂಬುದರ ಮುಂದಿನ ಜಾಗವನ್ನು ಹಾಗೇ ಬಿಟ್ಟು, ಪುಸ್ತಕ ಮುಚ್ಚಿ, ಎದ್ದು ಹೋಗಿ ಅವರ ಬಾಗಿಲ ಬೀಗವನ್ನೊಮ್ಮೆ ಜಗ್ಗಿ ನೋಡಿ ಬಂದೆ.